ಕ್ರಿಸ್ಮಸ್ ಮರಕ್ಕೆ ಉಪ್ಪು ಬಿದ್ದ ವರ್ಷ

ಕದ್ರಿಯ ಇಳಿಜಾರಿನಲ್ಲಿ ನನ್ನ ದೊಡ್ಡಮ್ಮ ಸಿಸಿಲ್ ಮಾವ್ಶಿಯ ಅಂಗಳದ ಮರ ಹೇಗೆ ಸತ್ತಿತು ಎಂಬುದಕ್ಕೆ ಒಂದು ಕಥೆ ಇದೆ. ನಮ್ಮ ಕಡೆಯ ಯಾವ ಮದುವೆಗೆ ಹೋದರೂ, ಊಟ ಮುಗಿದು ಗಂಡಸರು ಕುರ್ಚಿ ಹಿಂದಕ್ಕೆ ಸರಿಸುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಸಿಸಿಲ್ ಟೀಚರ್ ಗೋಡೆಯಾಚೆಯ ಸಾಹೇಬರ ಹತ್ತಿರ ಮರಕ್ಕೆ ಮದ್ದು ಕೇಳಿದರಂತೆ. ಸಾಹೇಬರು ತುಳುವಿನಲ್ಲಿ ‘ಉಪ್ಪಡ್’ ಅಂದರಂತೆ. ಹಾಗೇ ಇರಲಿ ಎಂದು ಅದರ ಅರ್ಥ. ಟೀಚರಿಗೆ ಕೇಳಿಸಿದ್ದು ‘ಉಪ್ಪು ಪಾಡ್’, ಉಪ್ಪು ಹಾಕು ಎಂದು. ಹಾಕಿದರು. ಮರ ಸತ್ತಿತು. ಕೊಂಕಣಿಯವರೂ ಬ್ಯಾರಿಗಳೂ ತುಳುವಿನಲ್ಲಿ ಮಾತಾಡಿದರೆ ಇಷ್ಟೇ ಮಾರಾಯ, ಎಂದು ಮುಗಿಸಿ ಎಲ್ಲರೂ ನಗುತ್ತಾರೆ.

ಕಥೆ ಚೆನ್ನಾಗಿದೆ. ಬೇಕಾದ್ದಕ್ಕಿಂತ ಹೆಚ್ಚು ಚೆನ್ನಾಗಿದೆ, ನನ್ನ ತಕರಾರು ಅಲ್ಲಿಂದಲೇ ಶುರು. ಯಾರೂ ತಪ್ಪಿತಸ್ಥರಲ್ಲದ, ಎರಡೂ ಕಡೆಯವರು ನಕ್ಕು ಮನೆಗೆ ಹೋಗಬಹುದಾದ ಕಥೆಯನ್ನು ಮನುಷ್ಯರು ಅಗಿಯದೆ ನುಂಗುತ್ತಾರೆ. ಈ ಕಥೆಯನ್ನು ಮೊದಲು ಕಟ್ಟಿದವಳು ನಾನೇ. ಆದ್ದರಿಂದ ಅದನ್ನು ಬಿಚ್ಚಿ ನೋಡುವ ಹಕ್ಕು ನನಗೆ ಬೇರೆಯವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ.

ಕಳೆದ ತಿಂಗಳು, ಮಳೆ ಹಿಡಿದ ಒಂದು ಮಧ್ಯಾಹ್ನ, ಮಾವ್ಶಿಯ ಮನೆಯ ಹಿಂದಿನ ಜಗಲಿಯಲ್ಲಿ ಕಾಲೊರೆಸುವ ಗೋಣಿಯ ಮೇಲೆ ಕಾಲಿಟ್ಟೆ. ಜಗಲಿಗೆ ಎರಚಲು ಬರುವುದಿಲ್ಲ, ಆದರೂ ಗೋಣಿ ಒದ್ದೆ. “ಅಟ್ಟದಿಂದ ತೆಗೆದದ್ದು. ಒಣಗುವುದೇ ಇಲ್ಲ ಅದು, ಮಳೆ ಬಂದರೆ ಬೆವರ್ತದೆ,” ಎಂದರು ಒಳಗಿನಿಂದ ಮಾವ್ಶಿ. ಬಗ್ಗಿ ಮೂಸಿದೆ. ಬಂದರಿನ ದಕ್ಕೆಯ ವಾಸನೆ: ಕಲ್ಲುಪ್ಪು, ಅದರ ಹಿಂದೆ ದೂರದಲ್ಲಿ ಒಣಮೀನು. ಆ ವಾಸನೆ ನನ್ನನ್ನು ಕೈಹಿಡಿದು ಐದಾರು ವರ್ಷ ಹಿಂದಿನ ನನ್ನ ಬಿ.ಎ. ಕೊನೆಯ ವರ್ಷಕ್ಕೆ ಕರೆದುಕೊಂಡು ಹೋಯಿತು.

ಅದು ಚೀನಾ ಯುದ್ಧದ ವರ್ಷ. ಊರಿಗೆ ಊರೇ ಅನುಮಾನದ ಜ್ವರದಲ್ಲಿತ್ತು. ಹೊಸ ಮುಖ ಕಂಡರೆ ಗೂಢಚಾರ, ಆಕಾಶದಲ್ಲಿ ದೀಪ ಕಂಡರೆ ವಿಮಾನ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ‘ಅಲಿಪ್ತ ನೀತಿ ಸೋತಿದೆ’ ಎಂದು ಒಂದು ವಾರ ವಾದಿಸಿ, ಮುಂದಿನ ವಾರ ‘ಸೋತಿಲ್ಲ’ ಎಂದು ವಾದಿಸಿ, ಎರಡರಲ್ಲೂ ಗೆದ್ದಿದ್ದೆ. ಅಂಥ ಗೆಲುವು ತಲೆಗೆ ಒಳ್ಳೆಯದಲ್ಲ. ಓದಿಗೆ ಹತ್ತಿರ ಎಂದು ನನ್ನನ್ನು ಅಮ್ಮನ ಅಕ್ಕ ಸಿಸಿಲ್ ಮಾವ್ಶಿಯ ಮನೆಯಲ್ಲಿ ಇಟ್ಟಿದ್ದರು. ಮಾವ್ಶಿ ಆಗಷ್ಟೇ ಶಾಲೆಯಿಂದ ನಿವೃತ್ತರಾಗಿದ್ದರು. ಮಕ್ಕಳಿಲ್ಲ. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು.

ಆ ಗಂಡ, ನನ್ನ ದೊಡ್ಡಪ್ಪ, ಒಂದು ವಿಷಯದಲ್ಲಿ ಊರಿಗೆ ವಿರೋಧ. ಅಂಗಳದಲ್ಲಿ ತಿನ್ನಲು ಬರುವ ಮರ ಒಂದೂ ಇರಬಾರದು ಎಂದು ಹಟ. ಮಾವು ಇಲ್ಲ, ಹಲಸು ಇಲ್ಲ, ಕರಾವಳಿಯ ಮನೆಯಾಗಿ ಒಂದು ತೆಂಗಿನ ಗಿಡ ಕೂಡ ಇಲ್ಲ. ಗೇಟಿನ ಬಳಿ ಗುಲ್‌ಮೊಹರ್, ದಾರಿಯುದ್ದಕ್ಕೆ ಕ್ರೋಟನ್, ನಡುವೆ ಆ ಎತ್ತರದ ಅರಾಕೇರಿಯಾ. ನಾವೆಲ್ಲ ಅದಕ್ಕೆ ಕ್ರಿಸ್ಮಸ್ ಮರ ಎನ್ನುತ್ತಿದ್ದೆವು. ಮದುವೆಯ ವರ್ಷ ಅವರೇ ನೆಟ್ಟದ್ದಂತೆ. ಅದು ನೆಟ್ಟಗೆ ಬೆಳೆಯಲಿಲ್ಲ. ದೀಪಸ್ತಂಭಕ್ಕೆ ಯಾರೋ ಒರಗಿದ ಹಾಗೆ ತೆಂಕಕ್ಕೆ ವಾಲಿತ್ತು. ತೆಂಕಕ್ಕೆ ಇದ್ದದ್ದು ಹಸನಬ್ಬ ಸಾಹೇಬರ ಮನೆ.

ಹಸನಬ್ಬ ಸಾಹೇಬರಿಗೆ ಬಂದರಿನಲ್ಲಿ ಉಪ್ಪು ಮತ್ತು ಒಣಮೀನಿನ ಸಗಟು ವ್ಯಾಪಾರ. ಎರಡು ಮನೆಗಳ ನಡುವೆ ಮುರಕಲ್ಲಿನ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಗೇಟು. ಮನೆಯೊಳಗೆ ನಮ್ಮದು ಕೊಂಕಣಿ, ಆಚೆ ಅವರದು ಬ್ಯಾರಿ, ಗೇಟಿನಲ್ಲಿ ತುಳು, ಪರೀಕ್ಷೆಗೆ ಕನ್ನಡ. ಆ ಗೇಟಿನಿಂದ ದಿನಾ ಸಂಜೆ ಸಾಹೇಬರ ಮಗಳು ಸಫಿಯಾ ಪುಸ್ತಕ ಎದೆಗೆ ಒತ್ತಿಕೊಂಡು ಮಾವ್ಶಿಯ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದಳು. ಅವಳಿಗೆ ಆ ವರ್ಷ ಎಸ್.ಎಸ್.ಎಲ್.ಸಿ. ಅವರ ಮನೆಯಲ್ಲಿ ಅಷ್ಟು ದೂರ ಬಂದ ಮೊದಲ ಹೆಣ್ಣುಮಗಳು. ಪಡೀಲಿನಲ್ಲಿ ಒಬ್ಬ ಹುಡುಗನನ್ನು ಆಗಲೇ ನೋಡಿಟ್ಟಾಗಿತ್ತು. ಪಾಸಾದರೆ ಮುಂದೆ ಓದು, ಫೇಲಾದರೆ ಪಡೀಲು: ಇದು ಸಾಹೇಬರು ತಮ್ಮ ತಾಯಿಯ ಜೊತೆ ಜಗಳವಾಡಿ ಮಗಳಿಗೆ ಗಳಿಸಿಕೊಟ್ಟ ಒಪ್ಪಂದ. ಸಫಿಯಾಳಿಗೆ ಲೆಕ್ಕ ಬಾಯಿಪಾಠ, ಇಂಗ್ಲಿಷ್ ಮಾತ್ರ ಗಂಟಲಿನ ಮುಳ್ಳು.

“ಅಕ್ಕ, ‘ಹ್ಯಾಡ್ ಹ್ಯಾಡ್’ ಅಂತ ಎರಡು ಸಲ ಯಾಕೆ? ಒಂದು ಸಲ ಇದ್ದದ್ದು ಸಾಕಾಗುದಿಲ್ವಾ ಅವರಿಗೆ?” ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ಚರ್ಚಾಕೂಟದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನಾನು ಕೇಳಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಆ ಮರದ ಒಂದು ಕೊಂಬೆ ಮುರಿದು ಸಾಹೇಬರ ಮಾಡಿನ ಹೆಂಚು ಒಡೆದಿತ್ತು. ಸಫಿಯಾ ಓದಲು ಕೂರುವ ಮೂಲೆಯ ಮೇಲೆಯೇ. ಸಾಹೇಬರು ಕಡಿಸಿ ಎಂದು ಕೇಳಿದ್ದು ಮಾವ್ಶಿಯ ಹತ್ತಿರ ಅಲ್ಲ, ಅವರ ಗಂಡನ ತಮ್ಮ, ನನಗೆ ಚಿಕ್ಕಪ್ಪನಾಗುವ ಮಾರ್ಸೆಲ್ ಬಾಪ್ಪುವಿನ ಹತ್ತಿರ. ಮಾರ್ಸೆಲ್ ಬಾಪ್ಪು ಅತ್ತಾವರದಲ್ಲಿ ಮನೆಯಿದ್ದ ಕಟ್ಟಡ ಕಂಟ್ರಾಕ್ಟರು. ಜಾಗದ ಅರ್ಧ ಹಕ್ಕು ಅವರದು, ಮಾತಿನ ಹಕ್ಕು ಪೂರ್ತಿ ಅವರದೇ. “ನನ್ನ ಅಣ್ಣನ ಮರ. ಕೊಡಲಿ ಇಟ್ಟರೆ ನನ್ನ ಕುತ್ತಿಗೆಗೆ ಇಟ್ಟ ಹಾಗೆ,” ಎಂದುಬಿಟ್ಟರು. ಅಷ್ಟು ಸಾಲದೆಂದು ಆ ಬೇಸಿಗೆಯಲ್ಲಿ ಅಣ್ಣನ ನೆನಪಿಗೆ ಮರದ ಸುತ್ತ ಮುರಕಲ್ಲಿನ ದುಂಡು ಕಟ್ಟೆ ಕಟ್ಟಿಸಿ, ಸೊಂಟದೆತ್ತರಕ್ಕೆ ಕೆಂಪು ಮಣ್ಣು ತುಂಬಿಸಿ, ಮೇಲೆ ಹುಲ್ಲು ಹಚ್ಚಿಸಿದರು. ಚಂದ ಕಾಣುತ್ತಿತ್ತು. ಗಾಳಿ ಬೀಸಿದ ಸಂಜೆಗಳಲ್ಲಿ ಮಾವ್ಶಿ ಕಿಟಕಿಯಲ್ಲಿ ನಿಂತು ಮರವನ್ನೇ ನೋಡುತ್ತ ಜಪಮಾಲೆ ಎಣಿಸುತ್ತಿದ್ದರು. ಗಂಡನ ಆತ್ಮಕ್ಕೆ ಎಂದು ನಾನು ತಿಳಿದಿದ್ದೆ.

ಮಳೆ ಹಿಂದೆಗೆಯುವ ಹೊತ್ತಿಗೆ ಮರದ ಕೆಳಗಿನ ಕೊಂಬೆಗಳು ಒಳಗಿನಿಂದ ಹಳದಿಯಾದವು. ನವೆಂಬರಿನಲ್ಲಿ ತುದಿಗಳೂ ಕಂದಿದವು, ಒಂದು ಕಡೆ ಮಾತ್ರವಲ್ಲ, ಸುತ್ತ ಒಂದೇ ಸಮ. ಕ್ರಿಸ್ಮಸ್ಸಿಗೆ ನಕ್ಷತ್ರ ಕಟ್ಟಲು ಹತ್ತಿದವನ ಕೈಗೆ ಕೊಂಬೆ ಒಣ ಸೌದೆಯ ಹಾಗೆ ಮುರಿದು ಬಂತು. ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ಬಂದವರೆಲ್ಲ ವೈದ್ಯರಾದರು. ಸಮುದ್ರದ ಗಾಳಿ ಎಂದರೊಬ್ಬರು. ಹಾಗಾದರೆ ಗಾಳಿಗೆ ಎದುರಾಗಿ ನಿಂತ ಗುಲ್‌ಮೊಹರ್ ಯಾಕೆ ಹಸಿರು ಎಂದೆ. ಹುಳ ಎಂದರು, ಹುಳದ ತೂತು ತೋರಿಸಿ ಎಂದೆ. ಕಣ್ಣು ಬಿದ್ದದ್ದು ಎಂದಳು ಒಬ್ಬ ಮುದುಕಿ. ಅದನ್ನು ಸಾಬೀತು ಮಾಡುವ ಹೊಣೆ ಹೇಳಿದವರದ್ದು ಎಂದೆ. “ಇವಳಿಗೆ ಗಂಡು ಸಿಗುದು ಕಷ್ಟ ಉಂಟು,” ಎಂದು ಮುದುಕಿ ಮಾವ್ಶಿಗೆ ಹೇಳಿ ತಟ್ಟೆಯ ಸಿಹಿ ನೆವರಿ ಕಚ್ಚಿದಳು.

ರಜೆ ಮುಗಿದ ಮೇಲೆ ನಮ್ಮ ಕಾಲೇಜಿನ ಬಾಟನಿ ಉಪನ್ಯಾಸಕಿ ಸುನಂದಾ ಮೇಡಂ ಅವರನ್ನು ಒಂದು ಭಾನುವಾರ ಕರೆದುಕೊಂಡು ಬಂದೆ. ಅವರು ತಲೆ ಎತ್ತಿ ಮರವನ್ನು ನೋಡಲೇ ಇಲ್ಲ. “ಎಲ್ಲರೂ ಎಲೆ ನೋಡ್ತಾರೆ. ಕಾಯಿಲೆಯ ಸುದ್ದಿ ಎಲೆ ಹೇಳ್ತದೆ, ಕಾಯಿಲೆ ಇರುವುದು ಬುಡದಲ್ಲಿ,” ಎಂದು ಸೀರೆಯ ಸೆರಗು ಸಿಕ್ಕಿಸಿ ಕಟ್ಟೆ ಹತ್ತಿದರು. “ಇಲ್ಲಿ ಇತ್ತೀಚೆಗೆ ಎಂತ ಬದಲಾಯಿತು?”

“ಎಂತದೂ ಇಲ್ಲ,” ಎಂದರು ಮಾರ್ಸೆಲ್ ಬಾಪ್ಪು. “ನಾನು ಈ ಕಟ್ಟೆ ಕಟ್ಟಿಸಿದ್ದು ಬಿಟ್ಟರೆ.”

ಮೇಡಂ ಸಣ್ಣ ಪಿಕ್ಕಾಸಿನಲ್ಲಿ ಬುಡದ ಮಣ್ಣು ಕೆದಕಿದರು. ಆರೋಗ್ಯದ ಮರ ನೆಲಕ್ಕೆ ಬರುವಲ್ಲಿ ಪಾದ ಅಗಲಿಸಿ ನಿಲ್ಲುತ್ತದೆ, ಇದು ಕಂಬ ಹೂಳಿದ ಹಾಗೆ ಇಳಿದಿದೆ, ಅಂದರೆ ಪಾದ ಕೆಳಗೆಲ್ಲೋ ಹೂತುಹೋಗಿದೆ ಎಂದರು. ಬೇರಿಗೂ ಉಸಿರು ಬೇಕು. ಮುರಕಲ್ಲಿನ ನೆಲ ಮೊದಲೇ ಗಟ್ಟಿ. ಮೇಲೆ ಸೊಂಟದೆತ್ತರ ಮಣ್ಣು ಹೇರಿದರೆ ಮಳೆಗಾಲವಿಡೀ ನೀರು ಅಲ್ಲೇ ನಿಂತು ತೊಗಟೆ ಕೊಳೆಯುತ್ತದೆ. ಅವರ ಬೆರಳಿಗೆ ತೊಗಟೆ ನೆಂದ ರಟ್ಟಿನ ಹಾಗೆ ಬಿಟ್ಟುಕೊಂಡು ಬಂತು, ಹುಳಿ ವಾಸನೆ. “ಮನೆಯಂಗಳದ ಮರಗಳು ಹೆಚ್ಚಿನವು ಹೀಗೇ. ಹುಳದಿಂದಲ್ಲ, ಪ್ರೀತಿಯಿಂದ ಸಾಯ್ತವೆ.”

ಬಾಪ್ಪುವಿನ ಮುಖ ಸುಣ್ಣವಾಯಿತು. ಅಷ್ಟಕ್ಕೇ ನಿಂತಿದ್ದರೆ ಒಬ್ಬ ತಮ್ಮ ಅಣ್ಣನ ಮರವನ್ನು ಗೌರವದಿಂದ ಕೊಂದ ಎಂದು ಪ್ರಕರಣ ಮುಗಿಯುತ್ತಿತ್ತು. ಆದರೆ ಮೇಡಂ ಹುಲ್ಲನ್ನು ನೋಡಿದರು. ಕಟ್ಟೆಯ ಹುಲ್ಲು ಮರದ ಸುತ್ತ ಬಳೆಯ ಹಾಗೆ ಸುಟ್ಟಿತ್ತು. ಒಳಗಡೆಯ ಕಲ್ಲಿನ ಮೇಲೆ ಬಿಳಿ ಹಕ್ಕಳೆ. ಅವರು ಬೆರಳಿಗೆ ತಗಲಿಸಿ ನಾಲಗೆಗೆ ಇಟ್ಟರು, ಉಗುಳಿದರು.

“ಇದು ಮಣ್ಣಲ್ಲ, ಉಪ್ಪಿನಕಾಯಿ ಭರಣಿ. ಕಟ್ಟೆ ಈ ಮರವನ್ನು ಹಾಸಿಗೆ ಹಿಡಿಸಿತು. ಉಪ್ಪು ಮುಗಿಸಿತು. ಯಾರು ಹಾಕಿದ್ದು?”

ಬಾಪ್ಪುವಿಗೆ ಜೀವ ಬಂತು. ಗೋಡೆಯ ಕಡೆ ತಿರುಗಿ, “ಉಪ್ಪು ಯಾರ ಹತ್ತಿರ ಉಂಟು ಅಂತ ಊರಿಗೆ ಗೊತ್ತುಂಟು. ಮರ ಯಾರಿಗೆ ಬೇಡ ಅಂತಲೂ ಗೊತ್ತುಂಟು,” ಎಂದರು. ಪೊಲೀಸು, ಕೋರ್ಟು ಎಂದರು. ಗೋಡೆ ಹಾರಿದವರು ಯಾರಿರಬಹುದು ಎಂದು ಎರಡು ಹೆಸರನ್ನೂ ಹೇಳಿದರು. ಎರಡೂ ಸಾಹೇಬರ ಅಂಗಡಿಯ ಆಳುಗಳದ್ದು. ಆಗ ಮಾವ್ಶಿ ಜಗಲಿಯಿಂದ ಹೇಳಿದರು, “ಯಾರೂ ಗೋಡೆ ಹಾರಲಿಲ್ಲ. ಹಾಕಿದ್ದು ನಾನು. ಸಾಹೇಬರು ಹೇಳಿದರು, ಉಪ್ಪು ಹಾಕಲಿಕ್ಕೆ.”

ಇದಾದ ಮೇಲೆ ಗಲಾಟೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಕೈಯಿಂದ ಕೊಂದವನಿಗಿಂತ ಬುದ್ಧಿ ಹೇಳಿ ಕೊಲ್ಲಿಸಿದವನು ಕೆಟ್ಟವನು ಎಂದು ಬಾಪ್ಪು ಸಂಜೆಯೊಳಗೆ ಇಗರ್ಜಿಯ ಮೆಟ್ಟಿಲ ತನಕ ಸುದ್ದಿ ಮುಟ್ಟಿಸಿದರು. ಮುಗ್ಧ ವಿಧವೆ, ಕಪಟ ವ್ಯಾಪಾರಿ. ವೇಷ ಇಬ್ಬರಿಗೂ ಸಿದ್ಧವಾಗಿಯೇ ಇತ್ತು. ಬಾಪ್ಪುವಿನ ಕಟ್ಟೆಯ ಮಾತು ಯಾರೂ ಎತ್ತಲಿಲ್ಲ. ಹಸನಬ್ಬ ಸಾಹೇಬರು ಗೇಟಿನ ತನಕ ಬಂದು, “ನಾನು ಹಾಗೆ ಹೇಳಲೇ ಇಲ್ಲ,” ಎಂದಷ್ಟೇ ಹೇಳಿ, ಒಳಗಡೆಯಿಂದ ಬೀಗ ಹಾಕಿಕೊಂಡು ಹೋದರು.

ಸಫಿಯಾ ಬರುವುದು ನಿಂತಿತು. ಮೊದಲ ವಾರ ಮಾವ್ಶಿ ಸಂಜೆಯಾದರೆ ಎರಡು ಕುರ್ಚಿ ಹಾಕಿ ಕಾಯುತ್ತಿದ್ದರು. ಮಾರ್ಚಿನಲ್ಲಿ ಪರೀಕ್ಷೆ. ಒಂದು ದಿನ ನಾನು ಬಾವಿಕಟ್ಟೆಯ ಹತ್ತಿರ ನಿಂತಾಗ ಗೋಡೆಯಾಚೆಯಿಂದ ಅವಳ ಸ್ವರ ಬಂತು.

“ಅಕ್ಕ, ಪಡೀಲಿನವರು ಶುಕ್ರವಾರ ಬರ್ತಾರೆ. ಈಗ ಉಮ್ಮನೂ ಅಜ್ಜಿಯ ಹಾಗೇ ಹೇಳ್ತಾರೆ, ಟೀಚರ್ ಇಲ್ಲದೆ ಪಾಸಾಗುದಿಲ್ಲ, ಸುಮ್ನೆ ಯಾಕೆ ಕಾಯುದು ಅಂತ.”

“ನಿನ್ನ ಬಾಪ ಎಂತ ಹೇಳ್ತಾರೆ?”

“ಬಾಪ ಎಂತದೂ ಹೇಳುದಿಲ್ಲ. ಅದೇ ಹೆದರಿಕೆ.”

ಮರದ ವಿಷಯ ನನಗೆ ಆವರೆಗೆ ಒಂದು ಒಳ್ಳೆಯ ಮೊಕದ್ದಮೆ ಮಾತ್ರ ಆಗಿತ್ತು. ಆ ಸಂಜೆ ಮೊದಲ ಬಾರಿಗೆ ಅದರಲ್ಲಿ ಗೆಲ್ಲಲೇಬೇಕು ಅನ್ನಿಸಿತು. ಮರುದಿನ ಬಂದರಿಗೆ ಹೋಗಿ, ಮೂಟೆಗಳ ನಡುವೆ ಕೂತಿದ್ದ ಸಾಹೇಬರ ಎದುರು ನಿಂತು, ಒಂದೇ ಒಂದು ಸಲ ಗೇಟಿನ ಬಳಿ ಬನ್ನಿ, ಟೀಚರಿಗೆ ನೀವು ಹೇಳಿದ್ದನ್ನು ಅವರ ಎದುರೇ ಇನ್ನೊಮ್ಮೆ ಹೇಳಿ ಎಂದೆ. “ಎಂತ ವಕೀಲಮ್ಮ, ಸಮನ್ಸಾ?” ಎಂದರು. ಬಂದರು.

ಗೇಟಿನ ಈಚೆ ಮಾವ್ಶಿ, ಆಚೆ ಸಾಹೇಬರು, ಅವರ ಹಿಂದೆ ಸಫಿಯಾ. ಬೀಗ ನಡುವೆ ತೂಗುತ್ತಿತ್ತು.

“ನೀವು ಆ ದಿನ ಎಂತ ಹೇಳಿದ್ದು?” ಎಂದು ಸಾಹೇಬರನ್ನು ಕೇಳಿದೆ.

“ಇರಲಿ ಬಿಡಿ ಅಂತ ಹೇಳಿದ್ದು. ಮರ ಅಲ್ವಾ, ಹಳದಿ ಆಗ್ತದೆ, ಪುನಃ ಹಸಿರಾಗ್ತದೆ.”

“ಕನ್ನಡದಲ್ಲಿ ಬೇಡ. ಹೇಳಿದ ಹಾಗೇ ಹೇಳಿ.”

ಅವರು ಟೀಚರ ಕಡೆ ನೋಡಿ ಹೇಳಿದರು: “ಅವು ಅಂಚನೇ ಉಪ್ಪಡ್.”

ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಉಪ್ಪಡ್. ಉಪ್ಪು ಪಾಡ್. ಮಾವ್ಶಿಯ ಕಡೆ ತಿರುಗಿದೆ. “ಮಾವ್ಶಿ, ಅವರು ‘ಉಪ್ಪಡ್’ ಅಂದದ್ದು ನಿಮಗೆ ‘ಉಪ್ಪು ಪಾಡ್’ ಅಂತ ಕೇಳಿಸಿತಾ?”

ಸಾಕ್ಷಿಯ ಬಾಯಿಗೆ ಉತ್ತರ ಇಟ್ಟು ಕೇಳುವ ಪ್ರಶ್ನೆ ಎಂದರೆ ಇದೇ. ಎದುರಾಳಿ ಇದ್ದಿದ್ದರೆ ಮೇಜು ಗುದ್ದಿ ಎದ್ದು ನಿಲ್ಲುತ್ತಿದ್ದ. ಎದುರಾಳಿ ಇರಲಿಲ್ಲ. ಮಾವ್ಶಿ ನನ್ನನ್ನು ನೋಡಲಿಲ್ಲ. ಸಾಹೇಬರನ್ನು ನೋಡಿದರು, ಅವರ ಹಿಂದೆ ನಿಂತ ಹುಡುಗಿಯನ್ನು ನೋಡಿದರು. ಆಮೇಲೆ, “ಹಾಗೇ ಇರಬಹುದು. ಒಂದು ಕಿವಿ ನನಗೆ ಸ್ವಲ್ಪ ಮಂದ,” ಎಂದರು. ಸಾಹೇಬರು ನಕ್ಕರು. ಆ ನಗು ಸ್ವಲ್ಪ ಬೇಗ ಬಂತು ಎಂದು ಈಗ ಅನ್ನಿಸುತ್ತದೆ. ಆಗ ಚಪ್ಪಾಳೆಯ ಹಾಗೆ ಕೇಳಿಸಿತು. ಬೀಗ ತೆಗೆದರು. ಮರುದಿನ ಇಗರ್ಜಿಯ ಮೆಟ್ಟಿಲ ಮೇಲೆ ಕಥೆಯನ್ನು ನಾನೇ ಹೇಳಿದೆ, ಎಲ್ಲರೂ ನಕ್ಕರು, ಮಾರ್ಸೆಲ್ ಬಾಪ್ಪು ಕೂಡ. ಯಾಕೆಂದರೆ ಈ ಕಥೆಯಲ್ಲಿ ಕಟ್ಟೆ ಬರುವುದಿಲ್ಲ. ಆ ಶುಕ್ರವಾರ ಪಡೀಲಿನವರು ಚಹಾ ಕುಡಿದು ಹೋದರು. ಸಫಿಯಾ ಪಾಸಾದಳು, ಇಂಗ್ಲಿಷಿನಲ್ಲೂ. ಈಗ ಟ್ರೈನಿಂಗ್ ಮುಗಿಸಿ ಬಂದರಿನ ಕಡೆಯ ಶಾಲೆಯೊಂದರಲ್ಲಿ ಟೀಚರ್. ಸತ್ತ ಮರವನ್ನು ಮಳೆಗೆ ಮೊದಲೇ ಕಡಿಸಿದರು. ಸತ್ತ ಮೇಲೆ ಕೊಡಲಿಗೆ ಬಾಪ್ಪುವಿನ ಅಡ್ಡಿ ಇರಲಿಲ್ಲ.

ಕಳೆದ ತಿಂಗಳ ತನಕ ನಾನೂ ಆ ಕಥೆಯನ್ನು ನಂಬಿದ್ದೆ.

ಆ ಮಧ್ಯಾಹ್ನ ಗೋಣಿ ಮೂಸಿ ಎದ್ದವಳು ಮಳೆ ಬಿಟ್ಟ ಮೇಲೆ ಅಂಗಳಕ್ಕೆ ಬಂದೆ. ಬಾಪ್ಪುವಿನ ಕಟ್ಟೆ ಹಾಗೇ ಇದೆ. ಅದರ ನಡುವೆ ಈಗ ಒಂದು ತೆಂಗಿನ ಗಿಡ, ಎದೆಯೆತ್ತರ, ಗರಿಗಳು ಕಪ್ಪು ಹಸಿರು. ಗೋಡೆಯಾಚೆಯಿಂದ ಹಸನಬ್ಬ ಸಾಹೇಬರು ಕೊಡೆ ಮಡಚುತ್ತ ಮಾವ್ಶಿಗೆ ಹೇಳುತ್ತಿದ್ದರು: “ಟೀಚರೇ, ಮಳೆ ಕಮ್ಮಿ ಆದ ಮೇಲೆ ತಾರೆಗ್ ಉಪ್ಪು ಪಾಡ್ಲೆ.” ತೆಂಗಿಗೆ ಉಪ್ಪು ಹಾಕಿ, ಅಷ್ಟೇ. ಕರಾವಳಿಯಲ್ಲಿ ಇದನ್ನು ಹೇಳದ ನೆರೆಮನೆಯವರಿಲ್ಲ.

ಪಾಡ್ಲೆ. ಹಾಕಿ. ‘ಪಾಡ್’ ಅಲ್ಲ. ಪಾಡ್ ಎನ್ನುವುದು ಅಂಗಡಿಯ ಆಳಿಗೆ, ಮಗಳಿಗೆ. ಟೀಚರಿಗೆ ಸಾಹೇಬರು ಬನ್ನಿ ಎನ್ನಲು ‘ಬಲೆ’ ಎಂದವರು, ಕೂತುಕೊಳ್ಳಿ ಎನ್ನಲು ‘ಕುಲ್ಲುಲೆ’ ಎಂದವರು. ಏಕವಚನದಲ್ಲಿ ಅವರನ್ನು ಕರೆದದ್ದನ್ನು ನಾನು ಕೇಳಿಲ್ಲ, ಯಾರೂ ಕೇಳಿಲ್ಲ. ಹಾಗಾದರೆ ‘ಉಪ್ಪಡ್’ ಎಂಬುದನ್ನು ಮಾವ್ಶಿ ‘ಉಪ್ಪು ಪಾಡ್’ ಎಂದು ಕೇಳಿಸಿಕೊಂಡಿದ್ದರೆ, ಉಪ್ಪಿನ ಮೊದಲು ಆ ಏಕವಚನ ಅವರ ಕಿವಿಗೆ ಚುಚ್ಚಬೇಕಿತ್ತು. ಜೀವಮಾನವಿಡೀ ಉಕ್ತಲೇಖನ ಬರೆಯಿಸಿದ ಕಿವಿ ಅದು. ಬಾಗಿಲ ಹಿಂದೆ ಪಿಸುಗುಟ್ಟಿದರೂ ಯಾರು, ಏನು, ಯಾವ ವಿಭಕ್ತಿ ಎಂದು ಹೇಳುವ ಕಿವಿ. ಅದು ಮಂದ ಎಂಬುದನ್ನು ಆ ಒಂದು ದಿನ ಬಿಟ್ಟರೆ ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಿಲ್ಲ.

ಮತ್ತೆ ಜಗಲಿಗೆ ಹೋಗಿ ಗೋಣಿಯನ್ನು ಮಗುಚಿದೆ. ಒಳಮೈಯಲ್ಲಿ ಮಾಸಿದ ನೀಲಿ ಲಂಗರು. ಬಂದರಿನಲ್ಲಿ ಹಸನಬ್ಬ ಸಾಹೇಬರ ಪ್ರತಿ ಉಪ್ಪಿನ ಮೂಟೆಯ ಮೇಲೂ ಇರುವ ಗುರುತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅಡಿಗೆಗೆ ಯಾರೂ ಮೂಟೆ ಉಪ್ಪು ತರಿಸುವುದಿಲ್ಲ, ಒಂಟಿ ಹೆಂಗಸಂತೂ ಅಲ್ಲ. ತೆಂಗಿಗೆ ತರಿಸಿದ್ದು ಎನ್ನೋಣವೆಂದರೆ ಆಗ ಅಂಗಳದಲ್ಲಿ ತೆಂಗೇ ಇರಲಿಲ್ಲ. ಮೂಟೆ ಸಾಹೇಬರ ಅಂಗಡಿಯಿಂದ ಬಂದಿದ್ದರೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾಗೇ ಇರಲಿ ಬಿಡಿ ಎಂದವರು ಉಪ್ಪು ಕಳಿಸುವುದಿಲ್ಲ. ಮಾರ್ಸೆಲ್ ಬಾಪ್ಪು ಬದುಕಿರುವ ತನಕ ಕೊಡಲಿ ಬೀಳದ ಮರ. ಅದರ ನೇರ ಕೆಳಗೆ ಓದಲು ಕೂರುವ ಒಂದು ಹುಡುಗಿ. ಗಾಳಿ ಬೀಸಿದರೆ ಒಬ್ಬರು ಆಚೆ ಹೆಂಚಿನ ಮಾಡು ನೋಡುತ್ತಾರೆ, ಒಬ್ಬರು ಈಚೆ ಕಿಟಕಿಯಲ್ಲಿ ಜಪ ಎಣಿಸುತ್ತಾರೆ. ಉದ್ದೇಶ ಇಬ್ಬರಿಗೂ ಇತ್ತು, ಒಬ್ಬರಲ್ಲಿ ಸಾಧನವೂ ಇತ್ತು. ಮರ ಆಗಲೇ ಕಟ್ಟೆಯ ದೆಸೆಯಿಂದ ಸಾಯುತ್ತಿತ್ತು ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ. ಇನ್ನೊಂದು ವರ್ಷ ಕೈಕಟ್ಟಿ ಕೂತಿದ್ದರೆ ಉಪ್ಪೂ ಬೇಡವಾಗಿತ್ತು, ಕಥೆಯೂ ಬೇಡವಾಗಿತ್ತು.

ನನ್ನ ತರ್ಕದಲ್ಲಿ ಬಿರುಕು ಇರಬಹುದು. ಗೋಣಿ ಬೇರೆ ದಾರಿಯಿಂದ ಬಂದಿರಬಹುದು. ಅದಕ್ಕೇ ಅಂಗಳಕ್ಕೆ ವಾಪಸು ಬಂದೆ. ಸಾಹೇಬರು ಒಳಗೆ ಹೋಗಿಯಾಗಿತ್ತು. ಮಾವ್ಶಿ ಕಟ್ಟೆಯ ಮೇಲೆ ಕೂತು ತೆಂಗಿನ ಗಿಡದ ಬುಡದಿಂದ ಮಣ್ಣನ್ನು ಕೈಯಲ್ಲೇ ಆಚೆ ಸರಿಸುತ್ತಿದ್ದರು, ಅದರ ಪಾದ ಕಾಣುವ ಹಾಗೆ. ಸುನಂದಾ ಮೇಡಂ ಹೇಳಿದ್ದನ್ನು ಅವರು ಮರೆತಿರಲಿಲ್ಲ. ಗೋಣಿಯನ್ನು ಅವರ ಮುಂದೆ ಬಿಡಿಸಿ ಹಾಕಿದೆ. ಅವರು ನೀಲಿ ಲಂಗರನ್ನು ನೋಡಿದರು, ಮಣ್ಣು ಸರಿಸುವುದನ್ನು ನಿಲ್ಲಿಸಲಿಲ್ಲ.

“ಒಂದೇ ಪ್ರಶ್ನೆ, ಮಾವ್ಶಿ. ಮರ ಹೋಗಲಿ ಅಂತ ಇಬ್ಬರೂ ಸೇರಿ ಮಾಡಿದ್ದಾದರೆ, ಆ ದಿನ ಬಾಪ್ಪುವಿನ ಎದುರು ನೀವು ಸಾಹೇಬರೊಬ್ಬರ ಮೇಲೆ ತಪ್ಪು ಹಾಕಿದ್ದು ಯಾಕೆ?”

“ಹೆದರಿದೆ, ಬಾಯಿಂದ ಸತ್ಯದ ಅವರ ಪಾಲು ಮಾತ್ರ ಬಂತು, ನನ್ನ ಪಾಲು ಒಳಗೇ ಉಳಿಯಿತು,” ಎಂದರು ಮಾವ್ಶಿ, ಬುಡದ ಮಣ್ಣು ಸರಿಸುತ್ತಲೇ.